ಕಿತ್ತೂರಿನಿಂದ ರಾಮದುರ್ಗದವರೆಗೆ ಕಾಲ್ನಡಿಗೆ

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಕಳೆದ ತಿಂಗಳು ಇ-ಮೇಲ್ ಬಂದಿತು. ತನ್ನ ಇಬ್ಬರು ಮಕ್ಕಳೊಡನೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ದಿನ ಬೆನ್ನಿಗೆ ಚೀಲ ಹೊತ್ತು ನಡೆದು ಬಂದಿದ್ದನಂತೆ. ಅಲ್ಲಿಯ ಕಾಡಿನಲ್ಲಿ ರಾತ್ರಿ ತಂಗಲು ಪರವಾನಿಗೆ ಬೇಕು. ಒಂದೊಂದು ದಾರಿಯಿಂದ ದಿನಕ್ಕೆ ಇಂತಿಷ್ಟೇ ಜನ ಹೊರಡಬೇಕೆಂಬ ಮಿತಿಯುಂಟು. ಆಹಾರವನ್ನು ಕರಡಿ ತೆರೆಯಲಾರದಂಥ ಗಟ್ಟಿ ಡಬ್ಬಿಯಲ್ಲಿಯೇ ಒಯ್ಯಬೇಕು. ಹಲ್ಲುಜ್ಜುವ ಬ್ರಷ್ಷನ್ನೂ ಬಿಡದೆ ಪ್ರತಿಯೊಂದು ವಸ್ತುವಿನ ತೂಕವನ್ನು ಗ್ರಾಂಗಳಲ್ಲಿ ಬರೆದ ಪಟ್ಟಿಯನ್ನೂ ಕಳಿಸಿದ್ದಾನೆ. ಕೊನೆಗೆ ಒಂದು ಪ್ರಶ್ನೆ: "ಸರ್, ಬರುವ ಚಳಿಗಾಲಕ್ಕೆ ಊರಿಗೆ ಬರುತ್ತೇವೆ. 1989ರಲ್ಲಿ ನೀವು ನಮ್ಮನ್ನು ಕಿತ್ತೂರಿನಿಂದ ರಾಮದುರ್ಗಕ್ಕೆ ನಡೆಸಿಕೊಂಡು ಹೋಗಿದ್ದಿರಲ್ಲ, ಅದೇ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯಬೇಕೆಂದಿದ್ದೇನೆ. ಹೇಗೆ ಯೋಜಿಸಲಿ?"

ಅವನಿಗೆ ನಾಲ್ಕು ಸಾಲಿನ ಉತ್ತರ ಬರೆಯಲು ಕುಳಿತೆ. ಆದರೆ ಆ ದಾರಿಯನ್ನು ನಮಗಿಂತ ಮೊದಲು ನಡೆದವರ ವಿಷಯವನ್ನು ಬಿಟ್ಟು ಯೋಜನೆ ಹೇಳುವುದು ನನ್ನಿಂದಾಗಲಿಲ್ಲ. ಬರಹ ಬೆಳೆಯಿತು. ನೀವೆಲ್ಲರೂ ಓದಿರೆಂದು ಇಲ್ಲಿಯೇ ಹಾಕುತ್ತಿದ್ದೇನೆ.

ನಮ್ಮ ಭಾಗದಲ್ಲಿ ಹಲವು ದಿನಗಳ ನಡಿಗೆಯೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಯಾತ್ರೆಯೇ. ರೈಲುಮಾರ್ಗ ಬೈಲಹೊಂಗಲವನ್ನಾಗಲಿ, ಸವದತ್ತಿಯನ್ನಾಗಲಿ, ರಾಮದುರ್ಗವನ್ನಾಗಲಿ ಮುಟ್ಟಲಿಲ್ಲ. ಮೋಟಾರು ಬರುವವರೆಗೆ ಕಾಲು ಇಲ್ಲವೆ ಚಕ್ಕಡಿ, ಎರಡೇ ಸಾಧನ. ಜಾತ್ರೆಯ ಹುಣ್ಣಿಮೆಗಳಲ್ಲಿ ಬನದ ಹುಣ್ಣಿಮೆ ಜನವರಿಯ ಸುಮಾರಿಗೆ, ಭಾರತ ಹುಣ್ಣಿಮೆ ಫೆಬ್ರುವರಿಯ ಸುಮಾರಿಗೆ ಬರುತ್ತವೆ. ಈ ಕಾಲಕ್ಕೇ ಜನ ಹೆಚ್ಚು ಹೊರಡುತ್ತಿದ್ದುದರಲ್ಲಿ ಭಕ್ತಿಯ ಜೊತೆಗೆ ಲೆಕ್ಕವೂ ಇತ್ತು. ಹಿಂಗಾರಿ ಜೋಳದ ಎಡೆ ಹೊಡೆಯುವ ಕೆಲಸ ಮುಗಿದು ಎತ್ತುಗಳಿಗೆ ಬಿಡುವು ಸಿಕ್ಕಿರುತ್ತದೆ, ಕೊಯ್ಲು ಇನ್ನೂ ಬಂದಿರುವುದಿಲ್ಲ. ಮಳೆಗಾಲದಲ್ಲಿ ದಾಟಲಾಗದ ಮಲಪ್ರಭೆ ಆ ವೇಳೆಗೆ ಇಳಿದಿರುತ್ತದೆ. ಬೆಳುದಿಂಗಳಿರುವುದರಿಂದ ನಸುಕಿನಲ್ಲಿಯೇ ಬಂಡಿ ಹೂಡಿ, ಬಿಸಿಲೇರುವ ಮೊದಲು ಎರಡು ಹರದಾರಿ ಕ್ರಮಿಸಬಹುದು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಮೈಲಿಗಲ್ಲುಗಳು ಬಂದ ಮೇಲೆಯೂ ನಮ್ಮಜ್ಜಿ ಅದನ್ನು ಬಿಡಲಿಲ್ಲ.

1966ರಲ್ಲಿ, ನನಗೆ ಎಂಟು ವರ್ಷವಾಗಿದ್ದಾಗ, ಅಜ್ಜಿಯೊಡನೆ ಕೊಲ್ಲಾರಿ ಬಂಡಿಯಲ್ಲಿ ಗುಡ್ಡಕ್ಕೆ ಹೋದೆ. ಸಿದ್ಧತೆ ಎಂಟು ದಿನ ನಡೆಯಿತು. ಮೊದಲ ದಿನಕ್ಕೆ ಮೊಸರು ಬುತ್ತಿ ಮತ್ತು ಮೆತ್ತನೆಯ ರೊಟ್ಟಿ, ಎರಡನೆಯ ದಿನದಿಂದ ಖಡಕ್ ರೊಟ್ಟಿ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಹಿಂಡಿ, ಉಳ್ಳಾಗಡ್ಡಿ. ಮಾದಲಿಯನ್ನು ಬೇರೆ ಗಂಟಿನಲ್ಲಿ ಕಟ್ಟಿ, ದೇವಿಗೆ ಪಡ್ಲಿಗಿ ತುಂಬುವವರೆಗೆ ಬಿಚ್ಚಕೂಡದೆಂಬ ಕಟ್ಟಪ್ಪಣೆ. ನಮ್ಮ ದಾರಿಯಲ್ಲಿ ಕರಡಿಯ ಭಯವಿರಲಿಲ್ಲ. ಬುತ್ತಿಗೆ ವೈರಿಗಳೆಂದರೆ ನಾಯಿ ಮತ್ತು ಇರುವೆ. ರಾತ್ರಿ ಗಂಟನ್ನು ಮೂಕಿಗೆ ತೂಗುಹಾಕುತ್ತಿದ್ದರು.

ಆದರೆ ಬಂಡಿಯಲ್ಲಿ ಎಲ್ಲಕ್ಕೂ ಮೊದಲು ಏರಿದ್ದು ರೊಟ್ಟಿಯಲ್ಲ, ಪುಂಡಿ ನಾರಿನ ಹಗ್ಗದ ಒಂದು ಸಿಂಬೆ ಮತ್ತು ತಾಮ್ರದ ಕೊಡ. ಹಗ್ಗ ಹನ್ನೆರಡು ಮಾರು ಉದ್ದ, ಒದ್ದೆಯಾದರೆ ನನ್ನಂಥ ಹುಡುಗನಿಗೆ ಎತ್ತಲಾಗದಷ್ಟು ಭಾರ. "ಮೊದಲ ಹಗ್ಗಾ ಇಡ್ರಿ, ಆಮ್ಯಾಲೆ ಉಳದದ್ದು" ಎಂದು ಅಜ್ಜಿ ನಿಂತೇ ಹೇಳಿದಳು. ಅದರ ಕಾರಣ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅಜ್ಜಿಯ ಅಕ್ಕ ಹದಿನಾರರ ಹರೆಯದಲ್ಲಿ ಜಾತ್ರೆಗೆ ಹೋದವಳು ಕಾಲರಾದಿಂದ ತೀರಿಕೊಂಡು ದಾರಿಯಲ್ಲಿಯೇ ಮಣ್ಣಾದಳು. ಆ ಕಾಲದಲ್ಲಿ ದೊಡ್ಡ ಜಾತ್ರೆಗಳ ಬೆನ್ನಿಗೇ ಕಾಲರಾ ಬರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಾವಿರಾರು ಜನ ಇಳಿದು ಕಾಲು ತೊಳೆಯುವ ಮೆಟ್ಟಿಲು ಬಾವಿಯ ನೀರನ್ನು ಕುಡಿಯದೆ, ಸೇದುವ ಬಾವಿಯಿಂದ ತಮ್ಮದೇ ಹಗ್ಗ, ತಮ್ಮದೇ ಕೊಡದಿಂದ ಸೇದಿ ಕುಡಿಯಬೇಕೆಂಬುದು ಅಂದಿನಿಂದ ನಮ್ಮ ಮನೆಯ ಕಾನೂನಾಯಿತು. ತಂಗುವ ಸ್ಥಳಗಳೂ ಹಾಗೆಯೇ ಗೊತ್ತಾದವು: ಊರು ದೊಡ್ಡದೋ ಚಿಕ್ಕದೋ ಎಂಬುದಲ್ಲ, ಯಾವ ಊರ ಬಾವಿ ಸೇದುವ ಬಾವಿ ಎಂಬುದೇ ಮುಖ್ಯ.

ಆ ಸಲ ಸವದತ್ತಿಗೆ ಹೋಗುವಾಗ ಬಂಡಿಗಳು ಹೊಳೆಯಲ್ಲಿಯೇ ಇಳಿದು ದಾಟಿದವು. ನೀರು ಗಾಲಿಯ ಗುಂಬವನ್ನೂ ಮುಟ್ಟಲಿಲ್ಲ. ಮುಂದೆ 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಬಳಿ, ಗುಡ್ಡವನ್ನು ಸೀಳಿಕೊಂಡು ಹೊಳೆ ಹೊರಬರುವ ಇಕ್ಕಟ್ಟಿನಲ್ಲಿ, ಅಣೆಕಟ್ಟು ನಿಂತಿತು. ಅದರ ಹಿಂದೆ ರೇಣುಕಾಸಾಗರ ಹರಡಿತು. ಹಳೆಯ ಬಂಡಿದಾರಿ, ಅದರ ಬಾವಿಗಳು, ನಾವು ಬುತ್ತಿ ಬಿಚ್ಚಿದ ಹುಣಸೆಮರ ಎಲ್ಲವೂ ಈಗ ನೀರಿನಡಿಯಲ್ಲಿವೆ. ನೀರಾವರಿಯಿಂದ ಒಳ್ಳೆಯದಾದವರು ಬಹಳ ಜನ, ನಾನು ಅಲ್ಲಗಳೆಯುವುದಿಲ್ಲ. ಆದರೆ ದಾರಿ ಮುಳುಗಿದಾಗ ಎಲ್ಲಿ ನೀರು ಸಿಗುತ್ತದೆಂಬ ತಿಳಿವಳಿಕೆಯೂ ಮುಳುಗಿತು. ಬಸ್ಸಿನಲ್ಲಿ ಹೋಗುವವರಿಗೆ ಅದರ ಅಗತ್ಯವೂ ಉಳಿಯಲಿಲ್ಲ.

ಈಗ 1989ರ ಮಾತು. ನಾನು ಬೈಲಹೊಂಗಲ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಪಾಠದಲ್ಲಿ ಓದಿದ್ದನ್ನು ಕಾಲಿನಿಂದ ಕಲಿಯಲೆಂದು ಒಂಬತ್ತನೆಯ ತರಗತಿಯ ಇಪ್ಪತ್ತೆರಡು ಹುಡುಗರೊಡನೆ ಫೆಬ್ರುವರಿಯಲ್ಲಿ ಐದು ದಿನಗಳ ನಡಿಗೆ ಹಾಕಿಕೊಂಡೆ. ಇತಿಹಾಸದ ಲೆಕ್ಕದಲ್ಲಿ ಯೋಜನೆಗೆ ಯಾವ ಕೊರತೆಯೂ ಇರಲಿಲ್ಲ. ಕಿತ್ತೂರಿನ ಕೋಟೆಯಲ್ಲಿ 1824ರ ಅಕ್ಟೋಬರ್ 23ರ ಕಾಳಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್. (ಮುಂದೆ ಕನ್ನಡ ನಾಡಿನ ಶಾಸನಗಳ ಪ್ರತಿಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದವನು ಇವನೇ, ಸೆರೆಮನೆಯ ಕೋಪವನ್ನು ನಾಡಿನ ಮೇಲೆ ತೀರಿಸಿಕೊಳ್ಳಲಿಲ್ಲವೆಂಬುದು ನನಗೆ ಯಾವಾಗಲೂ ಸೋಜಿಗ.) ಅಲ್ಲಿಂದ ಮಲಪ್ರಭೆಯ ದಂಡೆಯ ಸಂಗೊಳ್ಳಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಊರು. ಆ ರಾತ್ರಿ ಬೈಲಹೊಂಗಲ. ಚೆನ್ನಮ್ಮ ಸೆರೆಯಲ್ಲಿದ್ದು 1829ರ ಫೆಬ್ರುವರಿ 2ರಂದು ಕಣ್ಣುಮುಚ್ಚಿದ ಸ್ಥಳ. ಎರಡನೆಯ ರಾತ್ರಿ ಸೊಗಲದ ಸೋಮೇಶ್ವರನ ಝರಿ. ಮೂರನೆಯ ದಿನ ಮುನವಳ್ಳಿ, ನವಿಲುತೀರ್ಥ, ರಟ್ಟರ ರಾಜಧಾನಿಯಾಗಿದ್ದ ಸವದತ್ತಿ. ಅಲ್ಲಿಯವರೆಗೆ ಹೊಳೆ, ಝರಿ, ಕಾಲುವೆಗಳು ನಮ್ಮನ್ನು ಕಾಪಾಡಿದವು.

ಗುಡ್ಡದ ಮೇಲೆ ಒಂದು ಹೊತ್ತು ಕಳೆದೆವು. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಮತ್ತು ಅದನ್ನು ತಡೆಯಲು 1982ರಲ್ಲಿ ಆದ ಕಾಯಿದೆಯ ಬಗ್ಗೆಯೂ ಹುಡುಗರಿಗೆ ಹೇಳಿದೆ. ಅದು ಬೇರೆಯೇ ಬರಹವಾಗಬೇಕು.

ನಾಲ್ಕನೆಯ ದಿನ ಹೂಲಿಯ ಪಂಚಲಿಂಗೇಶ್ವರ ಗುಡಿಯನ್ನು ನೋಡಿ ತೊರಗಲ್ಲಿನ ಕೋಟೆಯನ್ನು ಸೇರಬೇಕಿತ್ತು. ನಕ್ಷೆಯ ಮೇಲೆ ದಾರ ಇಟ್ಟು ಅಳೆದು ಈ ದಿನವನ್ನು ಗೊತ್ತುಮಾಡಿದ್ದೆ. ಹೊರಡುವ ಮುನ್ನ ಮನೆಯಲ್ಲಿ ಅವ್ವ ಹಗ್ಗದ ಸಿಂಬೆ ತಂದು ಮುಂದಿಟ್ಟಾಗ "ಈಗ ಊರೂರಿಗೆ ಬೋರಿಂಗ್ ಅದಾವು, ಇದನ್ಯಾರು ಹೊರಬೇಕು?" ಎಂದು ತಿರುಗಿ ಒಳಗಿಡಿಸಿದ್ದೆ. ಹೂಲಿಯ ಗುಡಿಯಲ್ಲಿ ನಾನು ಮಾತಾಡಿದ್ದು ಹೆಚ್ಚಾಯಿತು, ಹೊರಟಾಗ ಬಿಸಿಲೇರಿತ್ತು. ಮಧ್ಯಾಹ್ನಕ್ಕೆ ಎಲ್ಲರ ಬಾಟಲಿ ಖಾಲಿ. ದಾರಿಯ ಬೋರಿಂಗ್ ಕೆಟ್ಟಿತ್ತು. ಹೊಲದಲ್ಲಿ ಒಂದು ಬಾವಿ ಸಿಕ್ಕಿತು. ಬಗ್ಗಿದರೆ ಆರೇಳು ಆಳು ಕೆಳಗೆ ನೀರು ಹೊಳೆಯುತ್ತಿದೆ, ಇಳಿಯಲು ಮೆಟ್ಟಿಲಿಲ್ಲ. ಧೋತರ, ಟವೆಲ್ಲುಗಳನ್ನು ಗಂಟುಹಾಕಿ ತಂಬಿಗೆ ಇಳಿಬಿಟ್ಟೆವು; ಮುಟ್ಟಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಕುಸಿದು ಬಿದ್ದ. ಕಣ್ಣು ಮೇಲಾಗಿತ್ತು, ಕರೆದರೆ ಉತ್ತರವಿಲ್ಲ.

ಎಷ್ಟು ಹೊತ್ತು ಹಾಗೆ ಕಳೆಯಿತೋ ಹೇಳಲಾರೆ. ಗುಡ್ಡದಿಂದ ಊರಿಗೆ ಮರಳುತ್ತಿದ್ದ ಒಂದು ಚಕ್ಕಡಿ ಬಂತು. ಹಣೆಯ ತುಂಬ ಭಂಡಾರ ಹಚ್ಚಿದ್ದ ಮುದುಕಿಯೊಬ್ಬಳು ಇಳಿದು, ಏನನ್ನೂ ಕೇಳದೆ ಬಂಡಿಯೊಳಗಿಂದ ಹಗ್ಗ ಕೊಡ ಎಳೆದು ತಂದಳು. ಮೊದಲ ಕೊಡವನ್ನು ಹುಡುಗನ ತಲೆಯ ಮೇಲೆಯೇ ಸುರಿದಳು. ಅವನು ಕಣ್ಣು ಬಿಟ್ಟ ಮೇಲೆ ನನ್ನ ಕಡೆ ತಿರುಗಿದಳು: "ಏನ್ರಿ ಮಾಸ್ತರ, ಇಷ್ಟ ಹುಡುಗೂರನ್ನ ಕರಕೊಂಡ ಬಂದೀರಿ, ಒಂದ ಹಗ್ಗಾ ತರಾಕ ಆಗಲಿಲ್ಲೇನ್ರಿ?" ಹುಡುಗರೆಲ್ಲರ ಮುಂದೆ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ರಾಮದುರ್ಗ ತಲುಪಿದೆವು. 1948ಕ್ಕಿಂತ ಮೊದಲು ಇದೇ ದಾರಿಯಲ್ಲಿ ನಡೆದವರು ಬ್ರಿಟಿಷರ ಮುಂಬಯಿ ಪ್ರಾಂತ, ಕೊಲ್ಹಾಪುರಕ್ಕೆ ಸೇರಿದ ತೊರಗಲ್ ಜಹಗೀರು, ರಾಮದುರ್ಗ ಸಂಸ್ಥಾನ ಹೀಗೆ ಮೂರು ಆಡಳಿತಗಳನ್ನು ದಾಟುತ್ತಿದ್ದರೆಂಬುದನ್ನು, 1939ರ ಏಪ್ರಿಲ್‌ನಲ್ಲಿ ಅಲ್ಲಿಯ ಜೈಲಿನ ಮುಂದೆ ನಡೆದ ರಕ್ತಪಾತವನ್ನು ನಾನು ವಿವರಿಸಬೇಕಿತ್ತು. ಎರಡು ಮಾತಿನಲ್ಲಿ ಮುಗಿಸಿ ಬಸ್ಸು ಹತ್ತಿಸಿದೆ. ಶಾಲೆಗೆ ಕೊಟ್ಟ ವರದಿಯಲ್ಲಿ "ಪ್ರವಾಸವು ಯಶಸ್ವಿಯಾಗಿ ನೆರವೇರಿತು" ಎಂದು ಬರೆದೆ. ಆ ಹುಡುಗನ ತಂದೆ ಪೇಟೆಯಲ್ಲಿ ಸಿಕ್ಕಾಗಲೆಲ್ಲ ನಮಸ್ಕರಿಸಿ ಮುಂದೆ ಹೋದೆ; ನಡೆದದ್ದನ್ನು ಹೇಳಲಿಲ್ಲ. ಅವರು ಈಗಿಲ್ಲ. ಆ ಹುಡುಗನೇ ಈಗ ಪಟ್ಟಿ ಕಳಿಸಿರುವವನು. ಅವನ ಪಟ್ಟಿಯಲ್ಲಿ ನೀರು ಶುದ್ಧಮಾಡುವ ಸಾಧನಕ್ಕೇ ಮೊದಲ ಸ್ಥಾನ. ಆ ದಿನದ ನೆನಪು ಅವನಿಗೆಷ್ಟಿದೆಯೋ, ನಾನು ಕೇಳಿಲ್ಲ.

ಆದ್ದರಿಂದ, ಮಗೂ, ನನ್ನ ಉತ್ತರವಿದು. ಬನದ ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಕಿತ್ತೂರಿನಿಂದ ಹೊರಡಿರಿ. ಹಿಂಗಾರಿ ಜೋಳ ಹಸಿರಾಗಿರುತ್ತದೆ, ಬಿಸಿಲು ಬಲಿತಿರುವುದಿಲ್ಲ. ಹುಣ್ಣಿಮೆಯ ದಿನ ಗುಡ್ಡದಲ್ಲಿ ಮಕ್ಕಳ ಕೈ ಹಿಡಿಯಲೂ ಆಗದಷ್ಟು ಜನ ಸೇರುತ್ತಾರೆ. ಒಂದು ದಿನ ಮೊದಲೇ ದರ್ಶನ ಮುಗಿಸಿ ಇಳಿದುಬಿಡಿರಿ. ಹೂಲಿಯಲ್ಲಿ ಒಂದು ರಾತ್ರಿ ತಂಗಿರಿ, ತೊರಗಲ್ಲಿಗೆ ನಸುಕಿನಲ್ಲಿಯೇ ಹೊರಡಿರಿ. ಅಲ್ಲಿಂದ ರಾಮದುರ್ಗಕ್ಕೆ ಅವಸರ ಬೇಡ. ಸುರೇಬಾನದ ಶಬರಿಕೊಳ್ಳವನ್ನು ನಾನು ನಿಮಗೆ ತೋರಿಸಿರಲಿಲ್ಲ. ಮಕ್ಕಳ ಬೆನ್ನಿಗೆ ಬಟ್ಟೆ ಮಾತ್ರ ಇರಲಿ. ರೊಟ್ಟಿಯನ್ನು ನಮ್ಮ ಮನೆಯಲ್ಲಿ ಬಡಿದು ಕೊಡುತ್ತಾರೆ, ಅಂಗಡಿಯ ಬಿಸ್ಕೀಟು ಹೊರಬೇಡ.

ಅಜ್ಜಿಯ ಹಗ್ಗ ದನದ ಮನೆಯ ಗೂಟದಲ್ಲಿ ಬಹಳ ದಿನ ಇತ್ತು, ಆಮೇಲೆ ಗೆದ್ದಲು ತಿಂದಿತು. ನೈಲಾನಿನದೊಂದು ತಂದಿಟ್ಟಿದ್ದೇನೆ, ಹನ್ನೆರಡು ಮಾರು, ಹಗುರವಾಗಿದೆ. ಬೈಲಹೊಂಗಲದವರೆಗೆ ಅದನ್ನು ನಾನೇ ಹೊತ್ತು ಬರುತ್ತೇನೆ. ಅಲ್ಲಿಂದ ಮುಂದೆ ನನ್ನ ಮೊಣಕಾಲು ಒಪ್ಪುವುದಿಲ್ಲ.