ಹೆಸರುಳ್ಳ ಸರ್ವರ್ ಘಟಕಗಳು: ವಿತರಿತ ಪೈಥಾನ್ ವ್ಯವಸ್ಥೆಗಳಲ್ಲಿ ಅನನ್ಯತೆಯ ಪ್ರಶ್ನೆ

ಸರ್ವರ್ ತಂತ್ರಾಂಶಗಳನ್ನು ಸ್ಥಿತಿರಹಿತ ಮತ್ತು ಸ್ಥಿತಿಯುಳ್ಳ ಎಂದು ಎರಡು ಬಗೆಯಾಗಿ ವಿಂಗಡಿಸುವುದು ರೂಢಿಯಲ್ಲಿದೆ. ಒಂದು ಕೋರಿಕೆಗೆ ಉತ್ತರ ಕೊಟ್ಟ ಮೇಲೆ ಏನನ್ನೂ ನೆನಪಿಟ್ಟುಕೊಳ್ಳದವು ಮೊದಲ ಬಗೆಗೆ ಸೇರಿದರೆ, ಹಿಂದಿನ ಕೋರಿಕೆಗಳ ಫಲವನ್ನು ತಮ್ಮ ಮೆಮೊರಿಯಲ್ಲಿಯೇ ಉಳಿಸಿಕೊಂಡು ಮುಂದಿನ ಕೋರಿಕೆಗೆ ಸಿದ್ಧವಾಗಿರುವವು ಎರಡನೆಯ ಬಗೆಗೆ ಸೇರುತ್ತವೆ. ಹಲವರು ಏಕಕಾಲಕ್ಕೆ ತಿದ್ದುವ ದಾಖಲೆ, ನಡೆಯುತ್ತಿರುವ ಹರಾಜು, ಬಹುಜನರ ಆಟ ಇವುಗಳಿಗೆಲ್ಲ ಎರಡನೆಯ ಬಗೆಯ ಘಟಕವೇ ಬೇಕು. ಅಂಥ ಲಕ್ಷಾಂತರ ಘಟಕಗಳು ನೂರಾರು ಯಂತ್ರಗಳ ಮೇಲೆ ಹರಡಿರುವಾಗ ಪ್ರತಿಯೊಂದಕ್ಕೂ ಒಂದು ವಿಳಾಸವಿರಬೇಕು, ಆ ವಿಳಾಸಕ್ಕೆ ಕಳಿಸಿದ ಸಂದೇಶ ಸರಿಯಾದ ಘಟಕವನ್ನೇ ತಲುಪಬೇಕು, ಮತ್ತು ಒಂದು ವಿಳಾಸದಲ್ಲಿ ಒಂದು ಹೊತ್ತಿಗೆ ಒಂದೇ ಘಟಕ ಜೀವಂತವಾಗಿರಬೇಕು. ಈ ಕ್ಷೇತ್ರದ ಅರ್ಧ ಶತಮಾನದ ಇತಿಹಾಸವನ್ನು ಗಮನಿಸಿದರೆ ಮೊದಲೆರಡು ಅಗತ್ಯಗಳು ಬೇಗನೆ ಈಡೇರಿದವೆಂಬುದೂ, ಮೂರನೆಯದು ಇಂದಿಗೂ ಎಚ್ಚರವನ್ನು ಬೇಡುತ್ತಿದೆಯೆಂಬುದೂ ಸ್ಪಷ್ಟವಾಗುತ್ತದೆ.

ವಿಳಾಸದ ಕಲ್ಪನೆಗೆ ಶಾಸ್ತ್ರೀಯ ರೂಪ ದೊರೆತದ್ದು 1973ರಲ್ಲಿ, ಕಾರ್ಲ್ ಹೆವಿಟ್, ಪೀಟರ್ ಬಿಷಪ್ ಮತ್ತು ರಿಚರ್ಡ್ ಸ್ಟೈಗರ್ ಕೃತಕ ಬುದ್ಧಿಮತ್ತೆಯ ಸಮ್ಮೇಳನವೊಂದರಲ್ಲಿ ಮಂಡಿಸಿದ ಆಕ್ಟರ್ ಮಾದರಿಯಲ್ಲಿ. ಗುಲ್ ಆಘಾ ಅವರ 1986ರ ಗ್ರಂಥ ಈ ಮಾದರಿಯನ್ನು ವಿತರಿತ ವ್ಯವಸ್ಥೆಗಳ, ಅಂದರೆ ಜಾಲದ ಮೂಲಕ ಕೂಡಿ ಕೆಲಸ ಮಾಡುವ ಹಲವು ಯಂತ್ರಗಳ, ಹಿನ್ನೆಲೆಯಲ್ಲಿ ವಿಸ್ತರಿಸಿತು. ಆಕ್ಟರ್ ಎಂಬುದು ತನ್ನ ಸ್ಥಿತಿಯನ್ನು ಹೊರಗಿನವರಿಗೆ ಮುಟ್ಟಲು ಬಿಡದ ಘಟಕ. ಸಂದೇಶವೊಂದು ಬಂದಾಗ ಅದು ತನಗೆ ತಿಳಿದಿರುವ ವಿಳಾಸಗಳಿಗೆ ಸಂದೇಶ ಕಳಿಸಬಹುದು, ಹೊಸ ಆಕ್ಟರ್‌ಗಳನ್ನು ಸೃಷ್ಟಿಸಬಹುದು, ಮುಂದಿನ ಸಂದೇಶಕ್ಕೆ ತಾನು ಹೇಗೆ ವರ್ತಿಸಬೇಕೆಂಬುದನ್ನು ನಿರ್ಧರಿಸಿಕೊಳ್ಳಬಹುದು. ಕಳಿಸುವವನು ಆಕ್ಟರ್ ಯಾವ ಯಂತ್ರದಲ್ಲಿದೆ ಎಂಬುದನ್ನು ತಿಳಿಯಬೇಕಾಗಿಲ್ಲ ಎಂಬ ತತ್ತ್ವವೇ ಮುಂದಿನ ಎಲ್ಲ ಪ್ರಯತ್ನಗಳಿಗೂ ತಳಹದಿಯಾಯಿತು.

ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ 1986ರ ಸುಮಾರಿಗೆ ರೂಪಿಸತೊಡಗಿದ ಎರ್ಲಾಂಗ್ ಭಾಷೆ ದೂರವಾಣಿ ವಿನಿಮಯ ಕೇಂದ್ರಗಳ ಅಗತ್ಯದಿಂದ ಹುಟ್ಟಿದ್ದು. ಆದರೂ ಆಕ್ಟರ್ ಮಾದರಿಗೆ ತೀರ ಹತ್ತಿರದ ತೀರ್ಮಾನಗಳಿಗೇ ಅದು ಬಂದು ನಿಂತಿತು. ಕೆಲವೇ ಕಿಲೋಬೈಟ್ ಮೆಮೊರಿಯಲ್ಲಿ ಹುಟ್ಟುವ ಅದರ ಪ್ರಕ್ರಿಯೆಗಳಿಗೆ ಯಂತ್ರಗಳ ಇಡೀ ಗುಂಪಿಗೆ ಅನ್ವಯಿಸುವ ಹೆಸರನ್ನು ನೋಂದಾಯಿಸುವ ಸೌಲಭ್ಯವೂ ಸೇರಿತು. ಅನನ್ಯತೆಯ ತೊಡಕು ಕಣ್ಣಿಗೆ ಕಾಣುವುದು ಇಲ್ಲಿಯೇ. ಜಾಲ ಒಡೆದು ಯಂತ್ರಗಳು ಎರಡು ಪಂಗಡಗಳಾದಾಗ ಎರಡೂ ಕಡೆ ಒಂದೇ ಹೆಸರಿನ ಪ್ರಕ್ರಿಯೆಗಳು ಹುಟ್ಟಿಕೊಳ್ಳಬಹುದು. ಜಾಲ ಮತ್ತೆ ಕೂಡಿಕೊಂಡಾಗ ಎರ್ಲಾಂಗ್ ತನ್ನ ಪೂರ್ವನಿಶ್ಚಿತ ಕ್ರಮದಂತೆ ಅವುಗಳಲ್ಲೊಂದನ್ನು ಯಾದೃಚ್ಛಿಕವಾಗಿ ಆರಿಸಿ ಉಳಿಸಿಕೊಂಡು ಇನ್ನೊಂದನ್ನು ಕೊನೆಗಾಣಿಸುತ್ತದೆ. ಕೊನೆಗೊಂಡ ಪ್ರಕ್ರಿಯೆಯ ಮೆಮೊರಿಯಲ್ಲಿದ್ದ ಸ್ಥಿತಿಯೂ ಅದರೊಂದಿಗೇ ಹೋಗುತ್ತದೆ.

ಈ ತೊಡಕಿಗೆ ಕಾರಣ ಆಳವಾದದ್ದು. ಸಂದೇಶ ತಲುಪಲು ಎಷ್ಟು ಹೊತ್ತು ಬೇಕೆಂಬುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಘಟಕ ಕೆಡುವ ಸಾಧ್ಯತೆಯಿದ್ದರೂ, ಉಳಿದವು ಒಮ್ಮತಕ್ಕೆ ಬಂದೇ ತೀರುತ್ತವೆಂದು ಯಾವ ನಿಶ್ಚಿತ ಕ್ರಮವಿಧಿಯೂ ಭರವಸೆ ಕೊಡಲಾರದೆಂಬುದನ್ನು ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ 1985ರಲ್ಲಿ ಸಾಧಿಸಿ ತೋರಿಸಿದರು. ಸತ್ತ ಯಂತ್ರಕ್ಕೂ ನಿಧಾನವಾದ ಯಂತ್ರಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ಪ್ರಾಯೋಗಿಕ ಪರಿಹಾರವಾಗಿ ಗ್ರೇ ಮತ್ತು ಚೆರಿಟನ್ 1989ರಲ್ಲಿ ವಿವರಿಸಿದ ಲೀಸ್, ಅಂದರೆ ನಿಗದಿತ ಅವಧಿ ಮುಗಿದೊಡನೆ ತಾನಾಗಿಯೇ ರದ್ದಾಗುವ ಹಕ್ಕು, ಬಳಕೆಗೆ ಬಂದಿತು. ಗೂಗಲ್‌ನ ಚಬ್ಬಿ, ಅನಂತರ ಝೂಕೀಪರ್, ರಾಫ್ಟ್ ಕ್ರಮವಿಧಿಯನ್ನು ಆಧರಿಸಿದ ಇಟಿಸಿಡಿ ಮುಂತಾದ ಸೇವೆಗಳು ಇಂಥ ಹಕ್ಕುಗಳನ್ನು ಹಂಚುವ ಕೆಲಸವನ್ನು ವಹಿಸಿಕೊಂಡವು.

ಲೀಸ್ ಒಂದೇ ಸಾಲದೆಂಬುದನ್ನು ಒಂದು ಸನ್ನಿವೇಶದ ಮೂಲಕ ತಿಳಿಯಬಹುದು. ಒಂದು ದಾಖಲೆಯ ಘಟಕ ಮೊದಲ ಯಂತ್ರದಲ್ಲಿದ್ದು ಅದಕ್ಕೆ 10 ಸೆಕೆಂಡಿನ ಹಕ್ಕು ದೊರೆತಿದೆ ಎಂದುಕೊಂಡರೆ, ಡೇಟಾಬೇಸಿಗೆ ಬರೆಯುವ ಮುನ್ನವೇ ಆ ಯಂತ್ರ 15 ಸೆಕೆಂಡು ಸ್ತಬ್ಧವಾದಾಗ ಹಕ್ಕು ಎರಡನೆಯ ಯಂತ್ರಕ್ಕೆ ಹೋಗುತ್ತದೆ, ಅಲ್ಲಿ ಹೊಸ ಘಟಕ ಹುಟ್ಟಿ ಹೊಸ ತಿದ್ದುಪಡಿಗಳನ್ನು ಉಳಿಸುತ್ತದೆ. ಅಷ್ಟರಲ್ಲಿ ಎಚ್ಚೆತ್ತ ಮೊದಲ ಯಂತ್ರ, ತನ್ನ ಹಕ್ಕು ತೀರಿದ್ದನ್ನು ಅರಿಯದೆ, ಹಳೆಯ ಸ್ಥಿತಿಯನ್ನು ಅದರ ಮೇಲೆಯೇ ಬರೆದುಬಿಡುತ್ತದೆ. ಇದನ್ನು ತಡೆಯಲು ಪ್ರತಿ ಹಕ್ಕಿನೊಂದಿಗೂ ಏರುತ್ತ ಹೋಗುವ ಕ್ರಮಸಂಖ್ಯೆಯನ್ನು ಕೊಟ್ಟು, 8ನೆಯ ಸಂಖ್ಯೆಯ ಬರಹವನ್ನು ಕಂಡ ಡೇಟಾಬೇಸ್ 7ನೆಯದನ್ನು ತಿರಸ್ಕರಿಸುವಂತೆ ಮಾಡಬೇಕಾಗುತ್ತದೆ. 2006ರ ಚಬ್ಬಿ ಪ್ರಬಂಧದಲ್ಲಿಯೇ ಈ ಬಗೆಯ ಉಪಾಯವಿದ್ದರೂ ಎಷ್ಟೋ ವ್ಯವಸ್ಥೆಗಳು ಇಂದಿಗೂ ಅದನ್ನು ಕೈಬಿಟ್ಟೇ ನಡೆಯುತ್ತಿರುವುದು ವಿಷಾದದ ಸಂಗತಿ.

ಮುಂದಿನ ದೊಡ್ಡ ತಿರುವು ಮೈಕ್ರೋಸಾಫ್ಟ್ ರಿಸರ್ಚ್‌ನ ಆರ್ಲಿಯನ್ಸ್ ಎಂಬ ವ್ಯವಸ್ಥೆ. 2011ರಲ್ಲಿ ಮೊದಲಿಗೆ ಪ್ರಕಟವಾಗಿ, 2014ರ ವರದಿಯಲ್ಲಿ ಪೂರ್ಣವಾಗಿ ವಿವರಿಸಲಾದ ಇದರ ವರ್ಚುವಲ್ ಆಕ್ಟರ್ ಕಲ್ಪನೆಯ ಪ್ರಕಾರ ಆಕ್ಟರ್ ಅನ್ನು ಯಾರೂ ಸೃಷ್ಟಿಸಬೇಕಾಗಿಲ್ಲ, ಅಳಿಸಬೇಕಾಗಿಯೂ ಇಲ್ಲ. ಹೆಸರಿದ್ದರೆ ಆಕ್ಟರ್ ಸದಾ ಇದೆಯೆಂದೇ ಲೆಕ್ಕ. ಸಂದೇಶ ಬಂದಾಗ ವ್ಯವಸ್ಥೆಯೇ ಯಾವುದಾದರೊಂದು ಯಂತ್ರದಲ್ಲಿ ಅದನ್ನು ಎಬ್ಬಿಸುತ್ತದೆ, ಕೆಲಸವಿಲ್ಲದಾಗ ತೆಗೆದುಹಾಕುತ್ತದೆ. ಹೇಲೋ 4 ಆಟದ ಸೇವೆಗಳು ಇದರ ಮೇಲೆ ನಡೆದವು. ಆರ್ಲಿಯನ್ಸ್ ಕರ್ತೃಗಳ ಪ್ರಾಮಾಣಿಕತೆಯನ್ನು ಇಲ್ಲಿ ವಿಶೇಷವಾಗಿ ಗುರುತಿಸಬೇಕು: ಯಾವ ಯಂತ್ರವೂ ಕೆಡದ ಹೊತ್ತಿನಲ್ಲಿ ಒಂದು ಹೆಸರಿಗೆ ಒಂದೇ ಘಟಕವೆಂಬ ಭರವಸೆಯಿದೆ, ಕೆಟ್ಟಾಗ ಆ ಭರವಸೆ ಕಾಲಕ್ರಮದಲ್ಲಿ ಮಾತ್ರ ಈಡೇರುತ್ತದೆ ಎಂದು ಅವರು ನೇರವಾಗಿಯೇ ಬರೆದರು.

ಪೈಥಾನ್ ಈ ಪರಂಪರೆಗೆ ತಡವಾಗಿ ಬಂದು ಸೇರಿತು. ದೂರದ ಯಂತ್ರದ ವಸ್ತುಗಳನ್ನು ಹೆಸರು ಹಿಡಿದು ಕರೆಯುವ ಪೈರೋದಂಥ ಗ್ರಂಥಾಲಯಗಳು ಹಿಂದೆಯೇ ಇದ್ದರೂ ಪೈಥಾನ್ ವೆಬ್‌ ಬೆಳೆದದ್ದು ವೆಬ್ ಸರ್ವರನ್ನೂ ಅನ್ವಯವನ್ನೂ ಬೆಸೆಯುವ 2003ರ ಡಬ್ಲ್ಯೂಎಸ್‌ಜಿಐ ಒಪ್ಪಂದದ ಸುತ್ತ, ಸ್ಥಿತಿರಹಿತ ಮಾರ್ಗದಲ್ಲಿ. ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಸಂಕೇತವನ್ನು ಓಡಿಸಬಲ್ಲುದೆಂಬ ಜಿಐಎಲ್ ನಿರ್ಬಂಧದಿಂದಾಗಿ ಒಂದೇ ಯಂತ್ರದಲ್ಲಿಯೂ ಹಲವು ಪ್ರಕ್ರಿಯೆಗಳನ್ನು ಓಡಿಸುವುದು ವಾಡಿಕೆಯಾಯಿತು. ಗುನಿಕಾರ್ನ್ ಸರ್ವರಿನಲ್ಲಿ ನಾಲ್ಕು ವರ್ಕರ್‌ಗಳಿದ್ದು, ಅನ್ವಯದಲ್ಲಿ ಹರಾಜಿನ ಸದ್ಯದ ಬೆಲೆಯನ್ನು ಜಾಗತಿಕ ಡಿಕ್ಷನರಿಯೊಂದರಲ್ಲಿ ಇಟ್ಟಿದ್ದರೆ, ಆ ಡಿಕ್ಷನರಿಯ ನಾಲ್ಕು ಪ್ರತಿಗಳಿರುತ್ತವೆ ಮತ್ತು ಪುಟವನ್ನು ರಿಫ್ರೆಶ್ ಮಾಡಿದಂತೆಲ್ಲ ಬೇರೆ ಬೇರೆ ಬೆಲೆ ಕಾಣಬಹುದು. ಹೀಗಾಗಿ ಸ್ಥಿತಿಯನ್ನೆಲ್ಲ ಡೇಟಾಬೇಸಿಗೋ ಮೆಮೊರಿಯಲ್ಲಿ ದತ್ತಾಂಶವಿಡುವ ರೆಡಿಸ್‌ಗೋ ಒಪ್ಪಿಸುವುದೇ ಪೈಥಾನ್ ಬಳಕೆದಾರರ ಸಂಪ್ರದಾಯವಾಯಿತು.

ಒಂದೇ ಥ್ರೆಡ್‌ನಲ್ಲಿ ಹಲವು ಕೆಲಸಗಳನ್ನು ಹೆಣೆದು ನಡೆಸುವ 2014ರ ಅಸಿಂಕ್‌ಐಒ ಮತ್ತು 2015ರ ಅಸಿಂಕ್, ಅವೈಟ್ ಪದಗಳು ದೀರ್ಘಕಾಲದ ಸಂಪರ್ಕಗಳನ್ನು ಸುಲಭಗೊಳಿಸಿದವು. ಆದರೆ ಹೆಸರುಳ್ಳ ಆಕ್ಟರ್‌ಗಳು ಪೈಥಾನ್‌ನಲ್ಲಿ ವ್ಯಾಪಕವಾದದ್ದು ಯಂತ್ರಕಲಿಕೆಯ ಬಾಗಿಲಿನಿಂದ. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2018ರಲ್ಲಿ ಪ್ರಬಂಧವಾಗಿ ಪ್ರಕಟವಾದ ರೇ ವ್ಯವಸ್ಥೆಯಲ್ಲಿ ಸಾಮಾನ್ಯ ಪೈಥಾನ್ ಕ್ಲಾಸ್‌ನ ಮೇಲೆ ಒಂದು ಡೆಕೊರೇಟರ್ ಬರೆದರೆ ಸಾಕು, ಅದು ಕ್ಲಸ್ಟರಿನಲ್ಲೆಲ್ಲೋ ಸ್ವಂತ ಪ್ರಕ್ರಿಯೆಯಲ್ಲಿ ಓಡುವ ಆಕ್ಟರ್ ಆಗುತ್ತದೆ. ಅದಕ್ಕೆ ಹೆಸರು ಕೊಡಬಹುದು. ಆ ಹೆಸರಿನದು ಇದ್ದರೆ ಅದನ್ನೇ ಕೊಡು, ಇಲ್ಲವಾದರೆ ಸೃಷ್ಟಿಸು ಎಂದೂ ಕೇಳಬಹುದು. ಆದರೆ ಎರಡು ಸಂಗತಿಗಳು ಎಷ್ಟೋ ಬಳಕೆದಾರರ ಗಮನಕ್ಕೆ ಬಾರದೆ ಹೋಗುತ್ತವೆ. ಮೊದಲನೆಯದಾಗಿ, ಕೆಟ್ಟ ಆಕ್ಟರ್ ಅನ್ನು ಮತ್ತೆ ಎಬ್ಬಿಸಲು ವಿಶೇಷವಾಗಿ ಸೂಚಿಸಿರಬೇಕು, ಹಾಗೆ ಎಬ್ಬಿಸಿದಾಗಲೂ ಅದರ ಕನ್‌ಸ್ಟ್ರಕ್ಟರ್ ಮೊದಲಿನಿಂದ ಓಡುತ್ತದೆಯೇ ಹೊರತು ಹಳೆಯ ಸ್ಥಿತಿ ಮರಳುವುದಿಲ್ಲ. ಎರಡನೆಯದಾಗಿ, ಸಾಮಾನ್ಯ ಆಕ್ಟರ್ ಕರೆಗಳನ್ನು ಒಂದೊಂದಾಗಿ ನಡೆಸುತ್ತದೆ, ಆದರೆ ಅಸಿಂಕ್ ವಿಧಾನಗಳುಳ್ಳ ಆಕ್ಟರ್ ಪೂರ್ವನಿಶ್ಚಿತವಾಗಿ 1000 ಕರೆಗಳವರೆಗೆ ಹೆಣೆದುಕೊಂಡು ನಡೆಸುತ್ತದೆ. ಮೌಲ್ಯವೊಂದನ್ನು ಓದಿ, ಅವೈಟ್‌ನಲ್ಲಿ ತಂಗಿ, ಅನಂತರ ಬರೆಯುವ ವಿಧಾನ ನಡುವೆ ಬಂದ ಇನ್ನೊಂದು ಕರೆಯ ಬದಲಾವಣೆಯನ್ನು ಅಳಿಸಿಹಾಕಬಲ್ಲುದು.

ಮೈಕ್ರೋಸಾಫ್ಟ್ 2019ರಲ್ಲಿ ಹೊರತಂದ ಡ್ಯಾಪರ್ ವ್ಯವಸ್ಥೆಯು ಆರ್ಲಿಯನ್ಸ್‌ನ ವರ್ಚುವಲ್ ಆಕ್ಟರ್ ಅನ್ನು ಪೈಥಾನ್ ಸೇರಿದಂತೆ ಹಲವು ಭಾಷೆಗಳಿಗೆ ತಂದಿತು. ಅನ್ವಯದ ಪಕ್ಕದಲ್ಲಿ ಓಡುವ ಸೈಡ್‌ಕಾರ್ ಎಂಬ ಪ್ರತ್ಯೇಕ ಪ್ರಕ್ರಿಯೆ ಸಂದೇಶಗಳನ್ನು ಸರಿಯಾದ ಯಂತ್ರಕ್ಕೆ ತಲುಪಿಸುತ್ತದೆ, ಸ್ಥಿತಿ ಹೊರಗಿನ ಡೇಟಾಬೇಸಿನಲ್ಲಿ ಉಳಿಯುತ್ತದೆ. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನ ಸ್ಟೇಟ್‌ಫುಲ್‌ಸೆಟ್ ಸಹ ಸ್ಥಿರ ಹೆಸರನ್ನು ಕೊಡುತ್ತದೆಯಾದರೂ ಅದು ಡೇಟಾಬೇಸಿನಂಥ ಬೆರಳೆಣಿಕೆಯ ದೊಡ್ಡ ಘಟಕಗಳಿಗೆ ಹೇಳಿ ಮಾಡಿಸಿದ್ದೇ ಹೊರತು ಲಕ್ಷಾಂತರ ಸಣ್ಣ ದಾಖಲೆಗಳಿಗಲ್ಲ.

ಪೈಥಾನ್‌ನಲ್ಲಿ ಇಂಥ ವ್ಯವಸ್ಥೆಯನ್ನು ಇಂದು ಕಟ್ಟುವವರಿಗೆ ಹೆಸರು ಮತ್ತು ಸಂದೇಶ ರವಾನೆಗಳೆರಡೂ ಸಿದ್ಧವಾಗಿಯೇ ದೊರೆಯುತ್ತವೆ. ಒಂದೇ ಹೆಸರಿನ ಎರಡು ಘಟಕಗಳು ಕ್ಷಣಕಾಲವಾದರೂ ಕೂಡಿ ಬದುಕಿರುವ ಸಂದರ್ಭ ಬಂದೇ ಬರುತ್ತದೆಂದು ಭಾವಿಸಿ, ಪ್ರತಿ ಬರಹದಲ್ಲಿಯೂ ಕ್ರಮಸಂಖ್ಯೆಯನ್ನು ಡೇಟಾಬೇಸಿನಲ್ಲಿಯೇ ಪರೀಕ್ಷಿಸುವ ಹೊಣೆಯನ್ನು ಮಾತ್ರ ಅವರೇ ಹೊರಬೇಕಾಗಿದೆ.