ಹನುಮಂತನನ್ನು ಗಾಳಿ ಎತ್ತೀತೇ?

ಚಿಕ್ಕಂದಿನಲ್ಲಿ ನಮ್ಮೂರ ಜಾತ್ರೆಯ ನಾಟಕ. ಹನುಮಂತ ಲಂಕೆಗೆ ಹಾರುವ ಸೀನು. ಸೊಂಟಕ್ಕೆ ಕಟ್ಟಿದ್ದ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡು, ಪಾಪ, ಹನುಮಂತ ಸಮುದ್ರದ ಮಧ್ಯದಲ್ಲೇ ನೇತಾಡತೊಡಗಿದ. ಜನ ಬಿದ್ದೂ ಬಿದ್ದೂ ನಕ್ಕರು. ನಾನೂ ನಕ್ಕೆ. ನಾಟಕ ಮುಗಿದ ಮೇಲೆ ಆತನ ಸೊಂಟದ ಸುತ್ತ ಎದ್ದಿದ್ದ ಬಾಸುಂಡೆ ನೋಡಿದಾಗ ಮಾತ್ರ ನಗು ನಿಂತುಹೋಯಿತು. ಹಗ್ಗದ ಬದಲು ಕೆಳಗಿನಿಂದ ಜೋರಾಗಿ ಗಾಳಿ ಊದಿ ನಟನ ಭಾರ ಇಳಿಸಬಾರದೇಕೆ ಅನ್ನುವ ಪ್ರಶ್ನೆ ಅವತ್ತೇ ತಲೆಗೆ ಹೊಕ್ಕಿತು. ಹನುಮಂತ ವಾಯುಪುತ್ರ ಬೇರೆ! :)

ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ರಂಗದ ಮೇಲಿನ ಹಾರಾಟದ ಇತಿಹಾಸ ಬಹುಪಾಲು ತಂತಿಯ ಇತಿಹಾಸ. 1904ರ ಡಿಸೆಂಬರ್ 27ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ‘ಪೀಟರ್ ಪ್ಯಾನ್’ ಮೊದಲ ಬಾರಿ ಹಾರಿದ್ದು ಜಾರ್ಜ್ ಕಿರ್ಬಿಯ ತಂತಿಗಳಲ್ಲಿ. 1950ರಲ್ಲಿ ಬ್ರಾಡ್‌ವೇಯಲ್ಲಿ ಅದೇ ಕಥೆ ಆಡಿದಾಗ ಇಂಗ್ಲೆಂಡಿನಿಂದ ಬಂದು ಹಾರಿಸಿದವನು ಪೀಟರ್ ಫಾಯ್. ತಂತಿ ಕೈಕೊಡುವುದಿಲ್ಲ ಅಂತಲ್ಲ. 2010ರ ಡಿಸೆಂಬರ್ 20ರಂದು ಬ್ರಾಡ್‌ವೇಯ ‘ಸ್ಪೈಡರ್‌ಮ್ಯಾನ್’ ಪ್ರದರ್ಶನದಲ್ಲಿ ಸುರಕ್ಷತೆಯ ಹಗ್ಗ ಸರಿಯಾಗಿ ಸಿಕ್ಕಿಸಿರದೆ ಕ್ರಿಸ್ಟೋಫರ್ ಟಿಯರ್ನಿ ಸುಮಾರು 30 ಅಡಿ ಕೆಳಗೆ ಬಿದ್ದು ತೀವ್ರ ಗಾಯಗೊಂಡ.

ಹಾಗಾದರೆ ಗಾಳಿ? ಲೆಕ್ಕ ಸುಲಭ. ಆಕಾಶದಿಂದ ಕೈಕಾಲು ಚಾಚಿ ಬೀಳುವ ಮನುಷ್ಯ ಗಂಟೆಗೆ ಸುಮಾರು 190 ಕಿ.ಮೀ. ವೇಗ ಮುಟ್ಟಿದ ಮೇಲೆ ಇನ್ನೂ ವೇಗವಾಗುವುದಿಲ್ಲ. ಅಂದರೆ ಅದೇ ವೇಗದಲ್ಲಿ ಕೆಳಗಿನಿಂದ ಗಾಳಿ ಬಿಟ್ಟರೆ ಆತ ತೇಲಬೇಕು. ತೇಲುತ್ತಾನೆ ಕೂಡ. ಲಾಸ್ ವೇಗಸ್‌ನಲ್ಲಿ 1982ರಲ್ಲೇ ಇಂಥ ಗಾಳಿಗೂಡು ಸಾರ್ವಜನಿಕರಿಗೆ ತೆರೆದಿತ್ತು.

ಪೂರ್ತಿ ತೇಲಿಸುವುದು ಬೇಡ, ಅರ್ಧ ಭಾರ ಇಳಿಸಿದರೆ ಸಾಕು ಅನ್ನಿ. ಗಾಳಿಯ ಒತ್ತು ವೇಗದ ವರ್ಗದಂತೆ ಏರುವುದರಿಂದ ಅರ್ಧ ಭಾರಕ್ಕೂ ಗಂಟೆಗೆ 135 ಕಿ.ಮೀ. ಗಾಳಿ ಬೇಕು. ಹತ್ತನೇ ಒಂದು ಭಾಗಕ್ಕೇ 60 ಕಿ.ಮೀ. ಅದೂ ನಟ ಬೋರಲಾಗಿ ಮಲಗಿದ್ದರೆ! ಎದ್ದು ನಿಂತನೋ, ಗಾಳಿಗೆ ಸಿಗುವ ಮೈ ಬಹಳ ಕಡಿಮೆ, ಎತ್ತುವ ಬಲವೂ ಅಷ್ಟೇ ಕಡಿಮೆ. ಇನ್ನು ಶಕ್ತಿಯಂತೂ ವೇಗದ ಘನದಂತೆ ಏರುತ್ತದೆ. ಮೂರೂವರೆ ಮೀಟರ್ ಅಗಲದ ಕಂಬದಲ್ಲಿ 190 ಕಿ.ಮೀ. ವೇಗದ ಗಾಳಿ ಹರಿಸಲು ಸಾವಿರ ಅಶ್ವಶಕ್ತಿಗೂ ಹೆಚ್ಚು ಬೇಕು. ಮುಚ್ಚಿದ ಗೂಡಿನಲ್ಲಾದರೆ ಅದೇ ಗಾಳಿಯನ್ನು ಸುತ್ತಿಸಿ ಮತ್ತೆ ಬಳಸಬಹುದು. ತೆರೆದ ರಂಗದಲ್ಲಿ ಅದೂ ಇಲ್ಲ. ಆ ಗದ್ದಲದಲ್ಲಿ ಹನುಮಂತನ ಕಂದಪದ್ಯ ಯಾರಿಗೆ ಕೇಳೀತು?

ಯಂತ್ರವನ್ನು ಬೆನ್ನಿಗೇ ಕಟ್ಟಿದವರೂ ಇದ್ದಾರೆ. ಬೆಲ್ ಕಂಪನಿಯ ರಾಕೆಟ್ ಬೆಲ್ಟ್ ಕಟ್ಟಿಕೊಂಡು 1961ರ ಏಪ್ರಿಲ್ 20ರಂದು ಹೆರಾಲ್ಡ್ ಗ್ರಹಾಂ 13 ಸೆಕೆಂಡು ಹಾರಿದ. ಅದು ಚಿಮ್ಮಿಸುತ್ತಿದ್ದುದು ಗಾಳಿಯಲ್ಲ, ಹೈಡ್ರೋಜನ್ ಪೆರಾಕ್ಸೈಡಿನಿಂದ ಹುಟ್ಟುವ ಬಿಸಿ ಹಬೆ. 1984ರ ಜುಲೈ 28ರಂದು ಲಾಸ್ ಏಂಜಲಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಬಿಲ್ ಸೂಟರ್ ಇಂಥದ್ದರಲ್ಲೇ ಕ್ರೀಡಾಂಗಣಕ್ಕೆ ಇಳಿದ. ಇಂಧನ ಬರುತ್ತಿದ್ದುದು ಇಪ್ಪತ್ತು ಸೆಕೆಂಡಿನ ಆಸುಪಾಸು ಮಾತ್ರ.

ನನಗೆ ನಿಜವಾದ ಉತ್ತರ ಸಿಕ್ಕಿದ್ದು ನಾಟಕದವರಲ್ಲಲ್ಲ, ನಾಸಾದವರಲ್ಲಿ. ಚಂದ್ರನ ಮೇಲೆ ತೂಕ ಆರನೇ ಒಂದು ಭಾಗ. ಅದನ್ನು ಭೂಮಿಯಲ್ಲೇ ಅಭ್ಯಾಸ ಮಾಡಬೇಕಿತ್ತು. ಇಳಿಯುವ ಅಭ್ಯಾಸಕ್ಕೆ ಕಟ್ಟಿದ ವಾಹನದಲ್ಲಿ ಕೆಳಮುಖವಾದ ಜೆಟ್ ಎಂಜಿನ್ನೊಂದು ಆರರಲ್ಲಿ ಐದು ಪಾಲು ಭಾರ ಹೊರುತ್ತಿತ್ತು. 1964ರಲ್ಲಿ ಮೊದಲ ಹಾರಾಟ. 1968ರ ಮೇ 6ರಂದು ಅದು ಹತೋಟಿ ತಪ್ಪಿದಾಗ ನೀಲ್ ಆರ್ಮ್‌ಸ್ಟ್ರಾಂಗ್ ಸೀಟು ಸಮೇತ ಹೊರಚಿಮ್ಮಿ ಬದುಕಿಕೊಂಡ. ಇಂಥ ಐದು ವಾಹನಗಳಲ್ಲಿ ಮೂರು ನಾಶವಾದವು. ಆದರೆ ನಡೆಯುವ ಅಭ್ಯಾಸಕ್ಕೆ? ಲ್ಯಾಂಗ್ಲಿ ಕೇಂದ್ರದಲ್ಲಿ ಗಗನಯಾತ್ರಿಯನ್ನು ಪಕ್ಕಕ್ಕೆ ಮಲಗಿಸಿದಂತೆ ಜೋಲಿಗಳಲ್ಲಿ ತೂಗುಹಾಕಿ, ತುಸು ಓರೆಯಾದ ಗೋಡೆಯ ಮೇಲೆ ನಡೆಸಿದರು. 9.5 ಡಿಗ್ರಿ ಓರೆಗೆ ಕಾಲಿಗೆ ಬೀಳುವ ಭಾರ ಸರಿಯಾಗಿ ಆರನೇ ಒಂದು! ದೊಡ್ಡ ದೊಡ್ಡ ವಿಂಡ್ ಟನಲ್‌ಗಳ ಒಡೆಯರೇ ಮನುಷ್ಯನ ಭಾರ ಇಳಿಸಲು ಆರಿಸಿಕೊಂಡಿದ್ದು ಹಗ್ಗವನ್ನು.

ಗಾಳಿ ಗೆದ್ದದ್ದೇ ಇಲ್ಲವೇ? ಗೆದ್ದಿದೆ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್ ಸಮಾರೋಪದಲ್ಲಿ ವೇದಿಕೆಯಿಂದ ಮೇಲೇಳುವ ಗಾಳಿಯ ಮೇಲೆ ಕಲಾವಿದರು ತೇಲಿದರು. ಅಲ್ಲಿ ಗಾಳಿಯೇ ಪಾತ್ರಧಾರಿ, ಮಾತು ಕೇಳಿಸಬೇಕಾಗಿರಲಿಲ್ಲ. ಮಾತಾಡುವ, ಹಾಡುವ, ನಿಂತು ಕುಣಿಯುವ ನಟನಿಗೆ ಮಾತ್ರ ಅದು ಒಗ್ಗುವುದಿಲ್ಲ ಅಂತ ನನಗನ್ನಿಸುತ್ತದೆ. ಅರವತ್ತು ಕಿಲೋ ನಟನಿಗೆ ರಾಟೆಯ ಆಚೆ ಮೂವತ್ತು ಕಿಲೋ ತೂಕ ಕಟ್ಟಿದರೆ ಅರ್ಧ ಭಾರ ಸದ್ದಿಲ್ಲದೆ ಇಳಿದುಬಿಡುತ್ತದೆ.

ನಮ್ಮ ಹನುಮಂತನಿಗೆ ಬೇಕಾಗಿದ್ದದ್ದು ಬಿರುಗಾಳಿಯಲ್ಲ. ಸೊಂಟವನ್ನಷ್ಟೇ ಕೊಯ್ಯದೆ ತೊಡೆಗೂ ಎದೆಗೂ ಭಾರ ಹಂಚುವ ಪಟ್ಟಿ, ಮತ್ತೆ ತೆರೆ ಏಳುವ ಮುಂಚೆ ರಾಟೆಗೆ ಒಮ್ಮೆ ಎಣ್ಣೆ ಬಿಟ್ಟು ನೋಡುವ ಒಬ್ಬ ಮನುಷ್ಯ. ಅಷ್ಟೇ. ಬಾಸುಂಡೆ ಎದ್ದದ್ದು ಹಗ್ಗದಿಂದಲ್ಲ, ನಮ್ಮ ಅಸಡ್ಡೆಯಿಂದ.

ನಿಮ್ಮೂರಿನ ಹನುಮಂತ ಹೇಗೆ ಹಾರುತ್ತಿದ್ದ?