ಎಂಟರ್ ಒತ್ತಿದಾಗ ಏನಾಗುತ್ತೆ?

1/5
ಹಳೇ ಕನ್ನಡ ಟೈಪ್‌ರೈಟರ್ ನೋಡಿದ್ದೀರಾ? ಅದರ ಕೀಲಿಮಣೆ ರೂಪಿಸಿದವರು ಅನಂತ ಸುಬ್ಬರಾವ್. ಸಾಲು ಮುಗಿಯೋ ಹೊತ್ತಿಗೆ ಟಿಣ್ ಅಂತ ಗಂಟೆ. ಎಡಗೈಲಿ ಲಿವರ್ ತಳ್ಳಿದರೆ ಎರಡು ಕೆಲಸ ಒಟ್ಟಿಗೇ ಆಗುತ್ತೆ: ಕಾಗದ ಒಂದು ಸಾಲು ಮೇಲೇರುತ್ತೆ, ಕ್ಯಾರೇಜ್ ಸಾಲಿನ ಶುರುವಿಗೆ ವಾಪಸ್ ಬರುತ್ತೆ.

2/5
ತಂತಿಯಲ್ಲಿ ಸುದ್ದಿ ಕಳಿಸುವ ಟೆಲಿಪ್ರಿಂಟರ್‌ಗೆ ಲಿವರ್ ತಳ್ಳೋರು ಯಾರೂ ಇಲ್ಲ. ಹಾಗಾಗಿ ಒಂದೊಂದು ಕೆಲಸಕ್ಕೂ ಒಂದೊಂದು ಸಂಕೇತ. 1963ರ ಆಸ್ಕಿ ಪಟ್ಟಿಯಲ್ಲಿ 13 ಅಂದ್ರೆ ಕ್ಯಾರೇಜ್ ರಿಟರ್ನ್, 10 ಅಂದ್ರೆ ಲೈನ್ ಫೀಡ್. ಮುಂದೆ ಪರದೆ ಬಂತು, ಕ್ಯಾರೇಜ್ ಹೋಯ್ತು, ಸಂಕೇತ ಮಾತ್ರ ಉಳೀತು. ಯೂನಿಕ್ಸ್ 10 ಒಂದೇ ಸಾಕು ಅಂತು. 1981ರ ಎಂಎಸ್-ಡಾಸ್ ಎರಡನ್ನೂ ಇಟ್ಕೊಂಡಿತು, ವಿಂಡೋಸ್ ಅದನ್ನೇ ಮುಂದುವರಿಸಿತು. 1984ರ ಮ್ಯಾಕಿಂಟಾಷ್ 13 ಮಾತ್ರ ಹಿಡಿಯಿತು. 2001ರ ಓಎಸ್ ಟೆನ್ ಹೊತ್ತಿಗೆ ಅದೂ 10ರ ದಾರಿಗೆ ಬಂತು.

3/5
ಇದರಿಂದ ಕನ್ನಡಕ್ಕೇನು? ನಮ್ಮ ಮೈಸೂರಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಭಾರತೀಯ ಭಾಷೆಗಳ ಪಠ್ಯಸಂಗ್ರಹ ಕಟ್ಟುತ್ತಾ ಬಂದಿದೆ. ಪಠ್ಯ ಕೂಡಿಸಿ ಪದ ಎಣಿಸೋದು ಇಂಥ ಕಡೆ ದಿನದ ಕೆಲಸ. ಸಾಲಿಗೊಂದು ಪದ ಇರೋ ಎರಡು ಪಟ್ಟಿ ತಗೊಳ್ಳಿ: ಒಂದು ವಿಂಡೋಸ್‌ನದು, ಒಂದು ಲಿನಕ್ಸ್‌ನದು. ಹಾಗೇ ಜೋಡಿಸಿದರೆ ಎಷ್ಟೋ ಪ್ರೋಗ್ರಾಂಗಳಿಗೆ ‘ದೋಸೆ’ ಎರಡು ಬೇರೆ ಪದ! ಒಂದರ ಬಾಲಕ್ಕೆ ಕಣ್ಣಿಗೆ ಕಾಣದ 13 ಅಂಟ್ಕೊಂಡಿರುತ್ತೆ. ಎಣಿಕೆ ತಪ್ಪುತ್ತೆ, ತಪ್ಪಿದ್ದು ಗೊತ್ತೇ ಆಗಲ್ಲ.

4/5
ಕಾಣದ ಇನ್ನೊಂದು ತೊಡಕು ಅಕ್ಷರ ಸಂಕೇತದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದ್ರೂ ಬಹಳ ಕಾಲ ನಮ್ಮ ಬರಹ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಫಾಂಟ್‌ಗಳಲ್ಲೇ ನಡೀತು. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಹಳೇ ನುಡಿ ಫೈಲ್ ತೆರೆದರೆ ಕಾಣೋದು ಅರ್ಥವಿಲ್ಲದ ಗೀಚು.

5/5
ಅದಕ್ಕೇ ಎಡಿಟರ್ ಆರಿಸುವಾಗ ಬಣ್ಣ, ಥೀಮ್ ಆಮೇಲೆ. ಮೊದಲು ಕೇಳಿ: ಕಾಣದ್ದನ್ನ ಇದು ತೋರಿಸುತ್ತಾ? ವಿಂಡೋಸ್‌ನ ನೋಟ್‌ಪ್ಯಾಡ್ 2018ರವರೆಗೂ ಯೂನಿಕ್ಸ್ ಫೈಲನ್ನ ಒಂದೇ ಉದ್ದ ಸಾಲಾಗಿ ತೋರಿಸುತ್ತಿತ್ತು. 2003ರಲ್ಲಿ ಬಂದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಆಮೇಲಿನ ವಿಎಸ್ ಕೋಡ್ ಎರಡೂ ಉಚಿತ. ಕೆಳಗಿನ ಪಟ್ಟಿಯಲ್ಲೇ ‘ಸಿಆರ್‌ಎಲ್‌ಎಫ್’ ಅಥವಾ ‘ಎಲ್‌ಎಫ್’, ಪಕ್ಕದಲ್ಲೇ ‘ಯುಟಿಎಫ್-8’ ಅಂತ ಬರೆದಿರುತ್ತೆ. ಅಲ್ಲಿಂದಲೇ ಬದಲಾಯಿಸಲೂಬಹುದು. ಗುಂಪಲ್ಲಿ ಪ್ರಾಜೆಕ್ಟ್ ಮಾಡ್ತಿದ್ರೆ ಮೊದಲ ದಿನವೇ ಒಪ್ಪಂದ ಮಾಡ್ಕೊಳ್ಳಿ: ಎಲ್ಲರದ್ದೂ ಯುಟಿಎಫ್-8, ಎಲ್ಲರದ್ದೂ ಎಲ್‌ಎಫ್.

ಅಜ್ಜಿ ಹೇಳಿದ ಕಥೆ, ಊರಿನ ಪದಗಳ ಪಟ್ಟಿ, ಏನೇ ಟೈಪ್ ಮಾಡಿಟ್ಟಿದ್ರೂ ಇವತ್ತು ಒಮ್ಮೆ ತೆರೆದು ಆ ಮೂಲೆ ನೋಡಿ. ಹತ್ತು ವರ್ಷದ ಮೇಲೆ ಅದನ್ನ ಓದೋರು ಬೇರೆ ಕಂಪ್ಯೂಟರಲ್ಲಿ ಓದ್ತಾರೆ.

#ಕನ್ನಡ #ಮೈಸೂರು #ಕಂಪ್ಯೂಟರ್‌ಇತಿಹಾಸ #ಯೂನಿಕೋಡ್